ಯಂತ್ರಕ್ಕೆ ಏಸಿ, ರಾಯರಿಗೆ ಬೀಸಣಿಗೆ

ನಮ್ಮ ಭಾವನ ಅಡಿಕೆ ಮಂಡಿಗೆ ಕಂಪ್ಯೂಟರ್ ಬಂದ ದಿನ ಹೊಸ ಸೊಸೆ ಬಂದಷ್ಟೇ ಸಡಗರ. ಕುಂಕುಮ ಹಚ್ಚಿದ್ದೇನು, ಕಾಯಿ ಒಡೆದದ್ದೇನು! ಅದಕ್ಕೆ ಏಸಿ ಕೋಣೆ, ಯುಪಿಎಸ್ಸು. ಮೂವತ್ತು ವರ್ಷ ಕಿರ್ದಿ ಬರೆದ ರಾಯರಿಗೆ ಅದೇ ಹಳೇ ಗಾದಿ, ಅದೇ ಬೀಸಣಿಗೆ. ಹೊಸದಾಗಿ ದಕ್ಕಿದ್ದು ಎರಡು ಗಂಟೆಯ ಟ್ರೈನಿಂಗು. ಕಲಿಸಲು ಬಂದ ಹುಡುಗ "ಸಿಂಪಲ್ ಸರ್, ಕ್ಲಿಕ್ ಮಾಡ್ತಾ ಹೋಗಿ" ಎಂದವನೇ ನಾಲ್ಕೂವರೆ ಬಸ್ಸು ಹಿಡಿದ. ರಾಯರು ಕ್ಲಿಕ್ ಮಾಡುತ್ತಾ ಹೋದರು. ಎಲ್ಲಿಗೆ ಹೋದರೆಂದು ಅವರಿಗೇ ಪತ್ತೆಯಾಗಲಿಲ್ಲ.

ರಾಯರ ಖಾತೆ ಪುಸ್ತಕವೆಂದರೆ ಬರೀ ಜಮಾ-ಖರ್ಚಲ್ಲ. ಮಂಡಿಗೆ ಅಡಿಕೆ ಹಾಕುವವರಲ್ಲಿ ಮಂಜುನಾಥರೇ 13 ಮಂದಿ. ಪುಸ್ತಕದಲ್ಲಿ ಒಬ್ಬ ಕೆಳಗಿನಮನೆಯವ, ಒಬ್ಬ ಹೊಳೆಬದಿಯವ, ಇನ್ನೊಬ್ಬ ತಮ್ಮನ ಜೊತೆ ಮಾತು ಬಿಟ್ಟವ. ಒಬ್ಬನ ಮುಂಗಡದ ಪಕ್ಕ ಪೆನ್ಸಿಲಿನಲ್ಲಿ ಹೀಗಿತ್ತು: "ಮಗಳ ಮದುವೆ. ಯುಗಾದಿವರೆಗೆ ಕೇಳತಕ್ಕದ್ದಲ್ಲ." ಸಾಫ್ಟ್‌ವೇರಿನಲ್ಲಿ ಇದಕ್ಕೆ ಜಾಗ ಇರಲಿಲ್ಲ. ಅದು ತನ್ನ ಧರ್ಮ ಪಾಲಿಸಿತು. ಧಾರೆಯ ಹೊತ್ತಿಗೆ ಸರಿಯಾಗಿ ಬಾಕಿಯ ಎಸ್ಸೆಮ್ಮೆಸ್ಸು ಕಳಿಸಿತು! ಮರುವಾರ ಆತನ ಅಡಿಕೆ ಚೀಲಗಳು ಎದುರಿನ ಮಂಡಿಯಲ್ಲಿ ಇಳಿದವು.

"ನಿಮಗೆ ಕಲಿಯೋ ಮನಸ್ಸೇ ಇಲ್ಲ ರಾಯರೇ!" ಎಂದು ಭಾವ ಹರಿಹಾಯ್ದರು. ರಾಯರು ಕನ್ನಡಕ ಒರೆಸುತ್ತ, "ನನ್ನ ಕೇಳಿದ್ರೆ ಹೇಳ್ತಿದ್ದೆನಲ್ಲ ಧಣಿ" ಎಂದರು.

ಕೇಳಿ ಮಾಡಿದವರೂ ಇದ್ದಾರೆ, ಅದೂ ಯಾರು? ನಮ್ಮ ಸರ್ಕಾರ! 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಟೈಪು ಮಾಡಿದ್ದನ್ನು ಕೈಬರಹದ ಪುಸ್ತಕದೊಡನೆ ತಾಳೆ ನೋಡಲು ಕೂರಿಸಿದ್ದು ಆ ಪುಸ್ತಕ ಬರೆಯುತ್ತಿದ್ದ ಗ್ರಾಮಲೆಕ್ಕಿಗರನ್ನೇ. ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದದ್ದು ಅದಾದ ಮೇಲೆ. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲೇ ಪ್ರತಿ ಸಿಕ್ಕಿತು. ತಪ್ಪೇ ಉಳಿಯಲಿಲ್ಲ ಎಂದೇನಲ್ಲ. ಪಹಣಿ ತಿದ್ದುಪಡಿಗೆ ಚಪ್ಪಲಿ ಸವೆಸಿದವರು ಈ ಸಾಲು ಓದಿ ನಗುತ್ತಿರಬಹುದು. ಆದರೂ ಪುಸ್ತಕ ಬಲ್ಲವನನ್ನು ಕೇಳದೆ ಹೋಗಿದ್ದರೆ ಅವರು ಇನ್ನೆಷ್ಟು ಜೊತೆ ಸವೆಸಬೇಕಿತ್ತೋ!

ಕೊನೆಗೆ ಭಾವ ಆ ಹುಡುಗನನ್ನು ಮತ್ತೆ ಕರೆಸಿ ರಾಯರ ಪಕ್ಕ ಒಂದು ವಾರ ಕೂರಿಸಿದರು. ಈಗ ಪರದೆಯ ಮೇಲೆ 'ಷರಾ' ಎಂಬ ಹೊಸ ಕಾಲಂ ಹುಟ್ಟಿದೆ. ಹುಡುಗನಿಗೂ ಹದಿಮೂರೂ ಮಂಜುನಾಥರ ಪರಿಚಯವಾಗಿದೆ.

ನೀವೂ ಹೊಸ ಯಂತ್ರ ತರುವವರೇ? ಧಾರಾಳವಾಗಿ ತನ್ನಿ. ಕಾಯಿ ಒಡೆಯುವ ಮೊದಲು ನಿಮ್ಮ ರಾಯರನ್ನು ಒಂದು ಮಾತು ಕೇಳಿ. ಹಾಗೇ ಆ ಏಸಿ ಕೋಣೆಯಲ್ಲಿ ಅವರಿಗೂ ಒಂದು ಕುರ್ಚಿ ಹಾಕಿಸಿ.