ನಿಮ್ಮ ಕಣ್ಣೂ ಎಡಿಟ್ ಮಾಡುತ್ತೆ ಸ್ವಾಮಿ!

ಮದುವೆ ಆಲ್ಬಮ್ ಕೈಗೆ ಬಂದೊಡನೆ ಮೂಗು ಮುರಿಯುವವರ ಒಂದು ಪಂಗಡವೇ ಇದೆ. "ಇದೆಲ್ಲ ಎಡಿಟಿಂಗು ಸ್ವಾಮಿ. ಹುಡುಗಿ ಇಷ್ಟು ಬೆಳ್ಳಗೆಲ್ಲಿದ್ದಾಳೆ? ನಾನು ಕಣ್ಣಾರೆ ನೋಡಿದ್ದೀನಲ್ಲ!" ಸ್ಟುಡಿಯೋದವನ ಮೇಲೆ ಅಷ್ಟು ಗುಮಾನಿ, ಸ್ವಂತ ಕಣ್ಣಿನ ಮೇಲೆ ಇಷ್ಟು ಭರವಸೆ! ಫಿಲ್ಮಿನ ಕಾಲದಲ್ಲಿ ಸ್ಟುಡಿಯೋದವರು ನೆಗೆಟಿವ್‌ಗೆ ಹಿಂದಿನಿಂದ ಬೆಳಕು ಕೊಟ್ಟು, ಚೂಪು ಪೆನ್ಸಿಲ್ಲಿನಿಂದ ಮೊಡವೆ ಕಲೆ, ಕಣ್ಣಡಿಯ ಕಪ್ಪು ಎಲ್ಲ ಮುಚ್ಚುತ್ತಿದ್ದರು. ಟಚಪ್ ಮಾಡಿದ್ದೇವೆ ಎಂದು ಬಾಯಿಬಿಟ್ಟು ಹೇಳಿಯೇ ಕಾಸು ಕೇಳುತ್ತಿದ್ದರು. ನಿಮ್ಮ ಕಣ್ಣು, ಅದರ ಬೆನ್ನಿಗಿರುವ ಮಿದುಳು, ಎರಡೂ ಸೇರಿ ಅದೇ ಕೆಲಸವನ್ನು ಬೆಳಗಿನಿಂದ ರಾತ್ರಿಯವರೆಗೆ ಬಿಟ್ಟಿಯಾಗಿ ಮಾಡುತ್ತವೆ. ನಿಮ್ಮನ್ನು ಒಂದು ಮಾತೂ ಕೇಳುವುದಿಲ್ಲ.

ನಂಬಿಕೆ ಬರಲಿಲ್ಲವೇ? ಎಡಗಣ್ಣು ಮುಚ್ಚಿ. ಎರಡೂ ಕೈ ಮುಂದೆ ಚಾಚಿ ಹೆಬ್ಬೆರಳುಗಳನ್ನು ಜೋಡಿಸಿ ನಿಲ್ಲಿಸಿ. ನೋಟ ಎಡ ಹೆಬ್ಬೆರಳಿನ ಮೇಲೇ ಇರಲಿ, ಬಲ ಹೆಬ್ಬೆರಳು ಮೆಲ್ಲಗೆ ಬಲಕ್ಕೆ ಸರಿಯಲಿ. ಸುಮಾರು ಅರ್ಧ ಅಡಿ ಹೋಗುವಷ್ಟರಲ್ಲಿ ಅದರ ತುದಿ ಮಂಗಮಾಯ! ಕಣ್ಣಿನ ನರ ಹೊರಬೀಳುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ; 1660ರ ದಶಕದಲ್ಲಿ ಫ್ರಾನ್ಸಿನ ಎಡ್ಮ್ ಮಾರಿಯೋತ್ ಇದನ್ನು ಪತ್ತೆ ಹಚ್ಚಿದ. ಸರಿ, ಬೆರಳು ಹೋಯಿತು. ಆ ಜಾಗದಲ್ಲಿ ಒಂದು ಕಪ್ಪು ತೂತಾದರೂ ಕಾಣಬೇಡವೇ? ಇಲ್ಲ. ಹಿಂದಿನ ಗೋಡೆಯ ಬಣ್ಣವನ್ನೇ ತಂದು ಮೆತ್ತಿ, ಮಿದುಳು ಏನೂ ಅರಿಯದ ಸಂಭಾವಿತನ ಹಾಗೆ ಕೂತಿರುತ್ತದೆ. ಫೋಟೋಶಾಪ್ 2010ರಲ್ಲಿ ಈ ಮೆತ್ತುವ ವಿದ್ಯೆಯನ್ನು ‘ಕಂಟೆಂಟ್ ಅವೇರ್ ಫಿಲ್’ ಎಂದು ಬಿಡುಗಡೆ ಮಾಡಿದಾಗ ಜಗತ್ತೇ ಬೆರಗಾಗಿತ್ತು!

ಕತ್ತರಿ ಪ್ರಯೋಗವೂ ಉಂಟು. ಕನ್ನಡಿಯಲ್ಲಿ ನಿಮ್ಮ ಒಂದು ಕಣ್ಣಿನಿಂದ ಇನ್ನೊಂದಕ್ಕೆ ನೋಟ ಹಾಯಿಸಿ. ಕಣ್ಣುಗುಡ್ಡೆ ಹೊರಳಿದ್ದು ನಿಮಗೆ ಕಾಣುವುದೇ ಇಲ್ಲ, ಪಕ್ಕದಲ್ಲಿ ನಿಂತವರಿಗೆ ಸಲೀಸಾಗಿ ಕಾಣುತ್ತದೆ. ನೋಟ ಓಡುವ ಹೊತ್ತಿನ ಕಲಸುಮೇಲೋಗರದ ಚಿತ್ರವನ್ನು ಮಿದುಳು ಸೆನ್ಸಾರ್ ಮಾಡಿರುತ್ತದೆ.

ಇನ್ನು ಶಾರ್ಪ್‌ನೆಸ್. ಬೆಳಗುವ ಆಕಾಶದೆದುರಿನ ತೆಂಗಿನ ಗರಿಯನ್ನು ಫೋನಿನಲ್ಲಿ ಹಿಡಿದು ದೊಡ್ಡದು ಮಾಡಿ ನೋಡಿ, ಎಷ್ಟೋ ಸಲ ಗರಿಯ ಅಂಚಿಗೊಂದು ಬಿಳಿ ಗೆರೆ ಅಂಟಿರುತ್ತದೆ. ಶಾರ್ಪ್ ಮಾಡುವ ಹುಮ್ಮಸ್ಸಿನಲ್ಲಿ ಫೋನು ಎಳೆದದ್ದು. ನಾವೂ ಕಮ್ಮಿಯಿಲ್ಲ. ಬೂದುಬಣ್ಣದ ಪಟ್ಟೆಗಳನ್ನು ತಿಳಿಯಿಂದ ಗಾಢಕ್ಕೆ ಒಂದರ ಪಕ್ಕ ಒಂದಿಟ್ಟರೆ, ಸೇರುವ ಕಡೆ ತಿಳಿಯದು ಇನ್ನಷ್ಟು ತಿಳಿಯಾಗಿ, ಗಾಢದ್ದು ಇನ್ನಷ್ಟು ಗಾಢವಾಗಿ ಕಾಣುತ್ತದೆ. ಹಾಳೆಯ ಮೇಲೆ ಅಂಥ ಗೆರೆಯೇ ಇಲ್ಲ. ಭೌತವಿಜ್ಞಾನಿ ಅರ್ನ್ಸ್ಟ್ ಮಾಕ್ 1865ರಲ್ಲೇ ಇದನ್ನು ಬರೆದಿಟ್ಟ. ಕಣ್ಣಿನ ಒಂದು ಕೋಶಕ್ಕೆ ಬೆಳಕು ಬಿದ್ದರೆ ಅದು ಪಕ್ಕದ ಕೋಶವನ್ನು ಅದುಮುತ್ತದೆ. ಕುದುರೆಲಾಳದ ಏಡಿಯ ಕಣ್ಣಿನಲ್ಲಿ ಇದನ್ನು ಅಳೆದು ತೋರಿಸಿದ ವಿಜ್ಞಾನಿ ಹಾರ್ಟ್‌ಲೈನ್‌ಗೆ 1967ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಪಕ್ಕದವನನ್ನು ತುಳಿದು ತಾನು ಎದ್ದು ಕಾಣುವ ವಿದ್ಯೆ ಬರೀ ಆಫೀಸಿನದ್ದು ಅಂದುಕೊಂಡಿದ್ದಿರಾ?

ಇದೆಲ್ಲ ಸುಸೂತ್ರ ನಡೆಯುವವರೆಗೆ ‘ದೃಷ್ಟಿ’. ಒಳಗಿನ ಎಡಿಟರ್ ಒಮ್ಮೆ ಕೈತಪ್ಪಿದನೋ, ಡಾಕ್ಟರ ಹತ್ತಿರ ಓಟ. ಅರೆತಲೆನೋವಿನ ಕೆಲವರಿಗೆ ನೋವಿಗೆ ಮುಂಚೆ ಒಂದು ಪ್ರದರ್ಶನವಿರುತ್ತದೆ. ಓದುತ್ತಿದ್ದ ಸಾಲಿನ ನಡುವೆ ಒಂದಕ್ಷರ ಮಾಯ. ಅಲ್ಲೇ ಮಿಣುಗುವ ಅಂಕುಡೊಂಕು ಗೆರೆಯೊಂದು ಹುಟ್ಟಿ, ಅರ್ಧಚಂದ್ರಾಕಾರವಾಗಿ ಬೆಳೆದು, ಬದಿಗೆ ಸರಿದು, 20-30 ನಿಮಿಷದಲ್ಲಿ ಹೊರಟುಹೋಗುತ್ತದೆ. ಕಣ್ಣು ಮುಚ್ಚಿದರೂ ಬಿಡುವುದಿಲ್ಲ! ಇಂಗ್ಲೆಂಡಿನ ವೈದ್ಯ ಹ್ಯೂಬರ್ಟ್ ಏರಿ 1870ರಲ್ಲಿ ತನಗೆ ಕಂಡದ್ದನ್ನು ಬಣ್ಣದಲ್ಲೇ ಬರೆದು ಪ್ರಕಟಿಸಿದ. ಕೋಟೆಗೋಡೆಯ ಹಾಗಿದೆ ಎಂದ. ಯಾವ ಕೋಟೆ ಅನ್ನುವವರು ಸಕಲೇಶಪುರದ ಮಂಜರಾಬಾದನ್ನು ಡ್ರೋನ್ ಚಿತ್ರದಲ್ಲಿ ನೋಡಿಕೊಳ್ಳಿ. ಆ ಚೂಪು ಮೂಲೆಗಳೇ. (ಅವನಪ್ಪ, ಖಗೋಳಜ್ಞ ಜಾರ್ಜ್ ಏರಿಗೂ ಈ ಕೋಟೆಯ ದರ್ಶನವಾಗುತ್ತಿತ್ತು. ನಮ್ಮ ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್ ಪವರ್’ ಎಂದಿರುತ್ತದಲ್ಲ, ಅಂಥ ಗಾಜನ್ನು 1820ರ ದಶಕದಲ್ಲಿ ತನ್ನ ಕಣ್ಣಿಗೆ ಮಾಡಿಸಿಕೊಂಡವನೂ ಅವನೇ.) ಅಮೆರಿಕದ ಕಾರ್ಲ್ ಲ್ಯಾಷ್ಲಿ 1941ರಲ್ಲಿ ತನ್ನದೇ ಅಂಕುಡೊಂಕಿನ ನಕ್ಷೆ ಹಾಕಿ, ಮಿದುಳಿನ ಹಿಂಭಾಗದಲ್ಲಿ ಏನೋ ಒಂದು ಅಲೆ ನಿಮಿಷಕ್ಕೆ 3 ಮಿಲಿಮೀಟರ್‌ನಂತೆ ತೆವಳುತ್ತಿರಬೇಕೆಂದು ಲೆಕ್ಕ ಕಟ್ಟಿದ. ಅಲ್ಲಿನ ಕೋಶಗಳ ಕಸುಬೇ ಗೆರೆ, ಅಂಚು ಹುಡುಕುವುದು. ಅಲೆ ಬಂದು ಕೆಣಕಿದರೆ, ನೋಡಲು ಏನೂ ಇಲ್ಲದಿದ್ದರೂ ಅವು ಗೆರೆ ಕಂಡೆವೆಂದು ಕೂಗುತ್ತವೆ. ಫೋಟೋಶಾಪಿನಲ್ಲಿ ಅಂಚು ಹುಡುಕುವ ಫಿಲ್ಟರನ್ನು ಖಾಲಿ ಹಾಳೆಯ ಮೇಲೆ ಓಡಿಸಿದರೆ ಖಾಲಿ ಹಾಳೆಯೇ ಬರುತ್ತದೆ. ಪ್ರಾಮಾಣಿಕತೆಯಲ್ಲಿ ಅದೇ ಮೇಲು.

ಬಣ್ಣದ ವಿಷಯ ಕೇಳಲೇಬೇಡಿ. ಚಿತ್ರಕಾರ ಮೋನೆಗೆ ಪೊರೆ ಬಂದಿದೆ ಎಂದು ಗೊತ್ತಾದದ್ದು 1912ರಲ್ಲಿ, ಆಪರೇಷನ್ನಿಗೆ ಒಪ್ಪಿದ್ದು 1923ರಲ್ಲಿ. ಅಲ್ಲಿಯವರೆಗಿನ ಕೊಳ, ಸೇತುವೆಗಳು ಕೆಂಪು, ಕಂದು. ಆಮೇಲೆ ನೋಡಿದರೆ ಎಲ್ಲವೂ ನೀಲಿ ನೀಲಿ ಎಂದು ಅವನ ಗೋಳು. ಮಾಗಿದ ಮಸೂರ ಹಳದಿಗಟ್ಟಿ ನೀಲಿಯನ್ನು ನುಂಗುತ್ತದೆ. ಮಿದುಳು ಅದಕ್ಕೆ ತಕ್ಕಂತೆ ವೈಟ್ ಬ್ಯಾಲೆನ್ಸ್ ತಿರುಗಿಸಿ ಇಟ್ಟುಕೊಂಡಿರುತ್ತದೆ. ಪೊರೆ ತೆಗೆದ ಮೇಲೂ ಕೆಲವು ಕಾಲ ಆ ಗುಂಡಿ ಹಳೆಯ ಜಾಗದಲ್ಲೇ ಇರುತ್ತದೆ.

ನಮ್ಮ ಭಾವನವರಿಗೂ ಪೊರೆ ತೆಗೆಸಿದ್ದಾಯಿತು. ಪಟ್ಟಿ ಬಿಚ್ಚಿದ ಕಣ್ಣನ್ನೊಮ್ಮೆ, ಇನ್ನೊಂದನ್ನೊಮ್ಮೆ ಮುಚ್ಚಿ ತೆರೆದು, ತಂತಿಯ ಮೇಲೆ ಒಣಗಿದ್ದ ತಮ್ಮ ಪಂಚೆಯನ್ನು ನೋಡಿ ಹೌಹಾರಿದರು. "ಏನೇ ಇದು, ಪಂಚೆಗೆ ಇಷ್ಟೊಂದು ನೀಲಿ ಹಾಕಿದ್ದೀಯ! ಇದನ್ನುಟ್ಟುಕೊಂಡು ನಾನು ದೇವಸ್ಥಾನಕ್ಕೆ ಹೋಗ್ತಿದ್ನಾ?"

ಅಕ್ಕ ಬಕೆಟ್ಟಿನಿಂದ ತಲೆಯೆತ್ತಲಿಲ್ಲ. "ಬೆಳ್ಳಗಾಗಿಲ್ಲ, ಬೆಳ್ಳಗಾಗಿಲ್ಲ, ಇನ್ನೂ ನಾಲ್ಕು ಹನಿ ಬಿಡು ಅಂತ ತಲೆ ತಿಂದೋರು ಯಾರು? ಇಡೀ ಬೀದಿಗೆ ಗೊತ್ತು ನಿಮ್ಮ ಪಂಚೆ ಬಣ್ಣ."