ಅಸಲು ಹುಟ್ಟದ ಪಾಸು

ಕಾಪು, ಉಚ್ಚಿಲ, ಎರ್ಮಾಳು, ಪಡುಬಿದ್ರಿ: ರಾಷ್ಟ್ರೀಯ ಹೆದ್ದಾರಿ 66ರ ಈ ತುಂಡಿನಲ್ಲಿ ದುಬೈ, ಅಬುಧಾಬಿ, ಮಸ್ಕತ್, ಬಹರೈನ್‌ಗಳಲ್ಲಿ ಒಬ್ಬ ನೆಂಟನಾದರೂ ಇಲ್ಲದ ಮನೆ ಹುಡುಕುವುದು ಸುಲಭವಲ್ಲ. ಅವರಲ್ಲಿ ದುಬೈ, ಅಬುಧಾಬಿ ಕಡೆಯ ನೆಂಟರ ಫ್ಲ್ಯಾಟುಗಳಲ್ಲಿ ಪ್ರತಿವರ್ಷ ಅಕ್ಟೋಬರ್ ಬಂದು, ಹೊರಗಿನ ಕಾವು ತುಸು ಇಳಿದು, ಮನುಷ್ಯರು ಎ.ಸಿ. ಬಿಟ್ಟು ಬಾಲ್ಕನಿಗೆ ಬರುವ ಹೊತ್ತಿಗೆ ಒಂದು ದೊಡ್ಡ ಚರ್ಚೆ ಶುರುವಾಗುತ್ತದೆ. ಥೀಮ್ ಪಾರ್ಕಿಗೆ ವಾರ್ಷಿಕ ಪಾಸು ಮಾಡಿಸುವುದೋ, ಹೋದಾಗಲೊಮ್ಮೆ ಟಿಕೆಟ್ ತೆಗೆಯುವುದೋ? ಮಕ್ಕಳು ಪಾಸಿನ ಪಕ್ಷ, ಅಮ್ಮ ಟಿಕೆಟಿನ ಪಕ್ಷ. ಅಪ್ಪ ಸಭಾಧ್ಯಕ್ಷ, ಅಂದರೆ ಮಾತಾಡುವಂತಿಲ್ಲ, ಮಂಜೂರು ಮಾತ್ರ ಮಾಡಬೇಕು. ನನ್ನ ಮತ ಅಮ್ಮನಿಗೆ, ಆದರೆ ಅಮ್ಮ ಹೇಳುವ ಕಾರಣಕ್ಕಲ್ಲ. ಅಮ್ಮ ಪಾಸಿನ ಬೆಲೆ ನೋಡಿ ಬೇಡ ಎನ್ನುತ್ತಾಳೆ. ನೋಡಬೇಕಾದ್ದು ಬೆಲೆಯನ್ನಲ್ಲ, ಗೋಡೆಯ ಮೇಲಿನ ಕ್ಯಾಲೆಂಡರನ್ನು. ಪಾಸಿನ ಅಸಲು ಹುಟ್ಟಲು ಎಷ್ಟು ಸಲ ಹೋಗಬೇಕು ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಎಷ್ಟು ಸಲ ಹೋಗಲು ಪುರುಸೊತ್ತಾಗುತ್ತದೆ ಎಂದು ಯಾರೂ ಹಾಕುವುದಿಲ್ಲ.

ಮೊದಲು ಮಕ್ಕಳ ಪಕ್ಷದ ವಾದವನ್ನೇ ಪೂರ್ತಿ ಕೇಳೋಣ, ಅದು ಬಡವಾದ ವಾದವೇನಲ್ಲ. ಅಬುಧಾಬಿಯ ಯಾಸ್ ದ್ವೀಪದಲ್ಲಿ 2010ರಲ್ಲಿ ಫೆರಾರಿ ವರ್ಲ್ಡ್ ತೆರೆಯಿತು. 2013ರಲ್ಲಿ ವಾಟರ್‌ವರ್ಲ್ಡ್, 2018ರಲ್ಲಿ ವಾರ್ನರ್ ಬ್ರದರ್ಸ್ ವರ್ಲ್ಡ್, 2023ರಲ್ಲಿ ಸೀವರ್ಲ್ಡ್ ಅದರ ಜತೆಗೂಡಿದವು. ದುಬೈ ಸುಮ್ಮನಿದ್ದೀತೇ? 2016ರ ಒಂದೇ ವರ್ಷದಲ್ಲಿ ಐಎಂಜಿ ವರ್ಲ್ಡ್ಸ್, ಲೆಗೊಲ್ಯಾಂಡ್, ಮೋಷನ್‌ಗೇಟ್, ಬಾಲಿವುಡ್ ಪಾರ್ಕ್ಸ್ ಎಲ್ಲ ಎದ್ದು ನಿಂತವು. 2025ರ ಮೇ ತಿಂಗಳಲ್ಲಿ ಡಿಸ್ನಿ ಕೂಡ ಯಾಸ್ ದ್ವೀಪಕ್ಕೆ ಬರುತ್ತೇನೆಂದು ಸಾರಿತು. ಇಷ್ಟೆಲ್ಲ ಮನೆಯಿಂದ ಒಂದೆರಡು ಗಂಟೆಯ ದಾರಿಯಲ್ಲಿರುವಾಗ ಬಿಡಿ ಟಿಕೆಟ್ ತೆಗೆಯುವುದು ಮೂರ್ಖತನ ಎಂದು ಮಕ್ಕಳು ಹೇಳುತ್ತಾರೆ. ಪಾಸಿನ ಬೆಲೆ ನಾಲ್ಕು ಟಿಕೆಟಿಗೆ ಸಮ ಎಂದಿಟ್ಟುಕೊಳ್ಳಿ. ಐದನೇ ಸಲದಿಂದ ಎಲ್ಲ ಪುಕ್ಕಟೆ. ತಿಂಗಳಿಗೊಮ್ಮೆಯಂತೆ ಹನ್ನೆರಡು ಸಲ ಹೋದರೆ ಒಂದು ಸಲಕ್ಕೆ ಬೀಳುವುದು ಟಿಕೆಟಿನ ಮೂರನೇ ಒಂದು ಪಾಲು. ಗಣಿತದಲ್ಲಿ ಯಾವತ್ತೂ ಪಾಸಾಗದ ಹುಡುಗ ಈ ಲೆಕ್ಕವನ್ನು ಬಾಯಲ್ಲೇ ಮಾಡಿ ತೋರಿಸುತ್ತಾನೆ. ಗುಣಾಕಾರ, ಭಾಗಾಕಾರ ಎಲ್ಲ ಸರಿಯೇ. ತಪ್ಪಿರುವುದು ಆ ಹನ್ನೆರಡರಲ್ಲಿ.

ಹನ್ನೆರಡು ಎಲ್ಲಿಂದ ಬರಬೇಕು, ಕ್ಯಾಲೆಂಡರಿನಲ್ಲೇ ಹುಡುಕೋಣ. ವರ್ಷಕ್ಕೆ ವಾರಾಂತ್ಯಗಳು 52. ಜುಲೈ, ಆಗಸ್ಟ್ ಎರಡು ತಿಂಗಳು ಶಾಲೆಗೆ ಬೇಸಿಗೆ ರಜೆ, ಸಂಸಾರ ಉಚ್ಚಿಲಕ್ಕೆ ಬರುತ್ತದೆ. ಅಲ್ಲಿಗೆ ಒಂಬತ್ತು ವಾರಾಂತ್ಯ ಹೋಯಿತು. ಅಪ್ಪನಿಗೆ ಅಲ್ಲಿನ ಕಾನೂನು ಕೊಡುವುದು ವರ್ಷಕ್ಕೆ 30 ದಿನದ ರಜೆ. ಅದು ಮುಗಿದ ಮೇಲೆ ಅವರೊಬ್ಬರೇ ಮರಳಿ ಹೋಗುತ್ತಾರೆ, ನಿಜ. ಆದರೆ ಪಾಸು ಇದೆ ಎಂಬ ಒಂದೇ ಕಾರಣಕ್ಕೆ ಶನಿವಾರ ಬಗ್ಸ್ ಬನ್ನಿಯ ಪಕ್ಕ ನಿಂತು ಒಂಟಿಯಾಗಿ ಸೆಲ್ಫಿ ತೆಗೆಸಿಕೊಳ್ಳುವಷ್ಟು ಧೈರ್ಯ ನಮ್ಮ ಕರಾವಳಿಯ ಗಂಡಸರಿಗೆ ಇನ್ನೂ ಬಂದಿಲ್ಲ. ಭಾರತೀಯ ಪಠ್ಯಕ್ರಮದ ಶಾಲೆಯಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ. ಆ ಎರಡು ತಿಂಗಳು ಟಿ.ವಿ.ಗೇ ಬಟ್ಟೆ ಹೊದಿಸಿರುತ್ತದೆ, ಪಾರ್ಕಿನ ಮಾತೆಲ್ಲಿ? ಉಚ್ಚಿಲದ ಬ್ಯಾರಿ ಮನೆಯವರಿಗೆ ರಂಜಾನ್ ತಿಂಗಳು ಪೂರ್ತಿ ಬೇರೆಯೇ ದಿನಚರಿ, ಮೊಗವೀರ ಮನೆಯವರಿಗೆ ನವರಾತ್ರಿ, ಭಜನೆ, ಸತ್ಯನಾರಾಯಣ ಪೂಜೆ. ಇವೆರಡನ್ನೂ ಮೀರಿದ್ದು ಸಂಘದ ಕಾರ್ಯಕ್ರಮ. ಕನ್ನಡ ಸಂಘ ಒಂದು, ತುಳು ಕೂಟ ಇನ್ನೊಂದು, ಜಾತಿಯದ್ದು ಮತ್ತೊಂದು, ಮಕ್ಕಳ ಯಕ್ಷಗಾನ ತರಗತಿ ಮಗದೊಂದು, ಜತೆಗೆ ವಾಲಿಬಾಲ್ ಟೂರ್ನಿ. ಎಲ್ಲವೂ ಶನಿವಾರ ಅಥವಾ ಭಾನುವಾರವೇ. ಇದೆಲ್ಲ ಕಳೆದು, ಮನೆಗೆ ಜೀನಸು ತರುವ ದಿನ ಕಳೆದು, ಯಾರಿಗಾದರೂ ಜ್ವರ ಬಂದ ದಿನ ಕಳೆದು, ಕೊನೆಗೆ ಅಪ್ಪ ನಿದ್ದೆ ಮಾಡಬೇಕೆಂದು ಹಟ ಹಿಡಿದ ದಿನಗಳನ್ನೂ ಕಳೆದರೆ, ಕೈಗೆ ಉಳಿಯುವುದು ಮೂರೋ ನಾಲ್ಕೋ. ಅಸಲು ಹುಟ್ಟುವ ಗಡಿಗೆ ಸರಿಯಾಗಿ ಬಂದು ನಿಂತೆವು, ಲಾಭ ಇನ್ನೂ ಆಚೆ ದಡದಲ್ಲಿದೆ.

ಇಲ್ಲಿ ಪಾಸಿನ ಪಕ್ಷ ಒಂದು ಆಕ್ಷೇಪ ಎತ್ತುತ್ತದೆ. ಕೊಲ್ಲಿಯ ಬಿಸಿಲಿನಲ್ಲಿ ಹೊರಗೆ ತಿರುಗುವಂತಿಲ್ಲ ಎಂಬುದು ಹಳೆಯ ಮಾತು, ಫೆರಾರಿ ವರ್ಲ್ಡ್, ವಾರ್ನರ್ ಬ್ರದರ್ಸ್, ಐಎಂಜಿ ಮುಕ್ಕಾಲು ಪಾಲು ಸೂರಿನಡಿಯಲ್ಲೇ, ತಂಪಿನಲ್ಲೇ ಇವೆ, ಬೇಸಿಗೆಯಲ್ಲೂ ಹೋಗಬಹುದು ಎಂದು. ಒಪ್ಪಬೇಕಾದ ಮಾತು. ತೊಂದರೆ ಏನೆಂದರೆ, ಸೂರಿನ ಉಪಯೋಗ ನಿಜವಾಗಿ ಬೇಕಾಗುವ ಆ ಎರಡು ತಿಂಗಳೇ ನಮ್ಮವರು ಊರಲ್ಲಿರುತ್ತಾರೆ. ಊರಲ್ಲಾದರೂ ಮೋಜು ಉಂಟೇ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ತಾಜಾ ಮೀನಿಗೆ ತತ್ವಾರ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇಲ್ಲ. ಕಾಪುವಿನ 1901ರ ದೀಪಸ್ತಂಭ ಹತ್ತಿದರೆ ಕಾಣುವುದು ಮಳೆ. ಉಚ್ಚಿಲದ ಮಹಾಲಕ್ಷ್ಮಿ ದೇವಸ್ಥಾನದಲ್ಲಿ 2022ರಿಂದ ದಸರಾ ಭರ್ಜರಿಯಾಗಿ ನಡೆಯುತ್ತಿದೆ, ಆದರೆ ಅಷ್ಟರಲ್ಲಿ ಮಕ್ಕಳು ಮತ್ತೆ ಅಲ್ಲಿನ ಶಾಲೆಯಲ್ಲಿರುತ್ತಾರೆ. ಅಂದರೆ ನಮ್ಮ ಸಂಸಾರಗಳು ಅಲ್ಲಿ ತೆರೆದು ಇಲ್ಲಿ ಬಾಗಿಲು ಮುಚ್ಚಿರುವ ಹೊತ್ತನ್ನೇ ಹುಡುಕಿ ಪ್ರಯಾಣ ಮಾಡುತ್ತವೆ, ಅದಕ್ಕಾಗಿ ವರ್ಷದಲ್ಲೇ ಅತಿ ದುಬಾರಿಯಾದ ವಿಮಾನ ಟಿಕೆಟನ್ನೂ ತೆರುತ್ತವೆ. ಹೊಟ್ಟೆಯಲ್ಲಿ ಕಳವಳ ಎಬ್ಬಿಸಿಕೊಳ್ಳಲು ಇವರಿಗೆ ರೋಲರ್ ಕೋಸ್ಟರ್ ಬೇಕಿಲ್ಲ, ಜುಲೈ ಮೊದಲ ವಾರದ ಮಂಗಳೂರು ವಿಮಾನದ ದರ ನೋಡಿದರೆ ಸಾಕು.

ಹೆಚ್ಚು ಸಲ ಹೋಗುತ್ತೇವೆಂದು ನಂಬಿ ಕಡಿಮೆ ಸಲ ಹೋಗುವುದು ಉಚ್ಚಿಲದವರದ್ದೇ ವಿಶೇಷ ಗುಣವೇನಲ್ಲ. ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಜಿಮ್‌ಗಳ 7,752 ಸದಸ್ಯರ ದಾಖಲೆ ತೆಗೆದು 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟಿದವರು ಸರಾಸರಿ ಹೋದದ್ದು ತಿಂಗಳಿಗೆ 4.3 ಸಲ. ಒಂದು ಸಲಕ್ಕೆ ಬಿದ್ದದ್ದು 17 ಡಾಲರಿಗೂ ಮೇಲೆ. ಅದೇ ಜಿಮ್ಮಿನಲ್ಲಿ ಹತ್ತು ಸಲದ ಚೀಟಿ ಕೊಂಡಿದ್ದರೆ ಸಲಕ್ಕೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಇವರು ಹೆಚ್ಚಿಗೆ ಕೊಟ್ಟ ದುಡ್ಡು ವ್ಯಾಯಾಮಕ್ಕಲ್ಲ, ವ್ಯಾಯಾಮ ಮಾಡುತ್ತೇನೆಂಬ ನಂಬಿಕೆಗೆ. ಉಡುಪಿಯವರಿಗೆ ಇದಕ್ಕಿಂತ ಹಳೆಯ ಪಾಠಶಾಲೆಯೊಂದಿದೆ. 1928ರಲ್ಲಿ ಡಾ. ಟಿ.ಎಂ.ಎ. ಪೈ ಅವರ, ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುವ ಏರ್ಪಾಡು ಅದು. ಚೂರು ಚೂರು ಕೊಟ್ಟು ಕೊನೆಗೆ ಗಂಟು ಪಡೆಯುವುದು ಪಿಗ್ಮಿ. ವಾರ್ಷಿಕ ಪಾಸು ಅದನ್ನೇ ತಲೆಕೆಳಗು ಮಾಡಿದೆ: ಮೊದಲೇ ಗಂಟು ಕೊಟ್ಟು, ಆಮೇಲೆ ಚೂರು ಚೂರಾಗಿ ವಸೂಲು ಮಾಡಿಕೊಳ್ಳಬೇಕು. ಪಿಗ್ಮಿಯಲ್ಲಿ ಏಜೆಂಟ್ ನಮ್ಮ ಮನೆಗೆ ಬರುತ್ತಿದ್ದ. ಪಾಸಿನಲ್ಲಿ ಏಜೆಂಟರು ನಾವೇ, ನೂರು ಕಿಲೋಮೀಟರ್ ಕಾರು ಓಡಿಸಿ, ದುಬೈಯ ಸಾಲಿಕ್ ಗೇಟಿಗೂ ಅಬುಧಾಬಿಯ ದರ್ಬ್ ಗೇಟಿಗೂ ಸುಂಕ ಕಟ್ಟಿ, ನಮ್ಮದೇ ಎರಡಾಣೆ ವಸೂಲಿಗೆ ಹೋಗಬೇಕು.

ಪಾಸು ಎಂದರೆ ಬೇಕೆಂದಾಗ ಒಳಗೆ ಬಿಡುತ್ತಾರೆ ಎಂಬ ಭರವಸೆಯನ್ನೂ ಸ್ವಲ್ಪ ಪರೀಕ್ಷಿಸಬೇಕು, ಅದರಲ್ಲೂ ಅಮೆರಿಕದ ಕನ್ನಡಿಗರು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರಲ್ಲಿ ತೆರೆದಾಗ ಪ್ರವೇಶದ ಹಣದ ಮೇಲೆ ಆಡಿದ ಒಂದೊಂದು ಆಟಕ್ಕೂ ಬೇರೆ ಹಣ, ನಮ್ಮ ಜಾತ್ರೆಯ ತೊಟ್ಟಿಲಿನ ಹಾಗೆಯೇ. ಆಮೇಲೆ ಎ, ಬಿ, ಸಿ ಎಂದು ದರ್ಜೆ ಹಾಕಿದ ಚೀಟಿ ಪುಸ್ತಕ ಬಂತು, 1982ರವರೆಗೂ ನಡೆಯಿತು. ಅದರ ನಂತರ ವಾರ್ಷಿಕ ಪಾಸು ಬೇರೂರಿತು. 2021ರ ಜನವರಿಯಲ್ಲಿ ಡಿಸ್ನಿಲ್ಯಾಂಡ್ ಹಳೆಯ ಪಾಸನ್ನು ಕೈಬಿಟ್ಟು, ಅದೇ ಆಗಸ್ಟಿನಲ್ಲಿ ಮ್ಯಾಜಿಕ್ ಕೀ ಎಂಬ ಹೊಸದನ್ನು ತಂದಿತು. ಅದರಲ್ಲಿ ಅತಿ ದುಬಾರಿಯಾದ 1,399 ಡಾಲರಿನ ಡ್ರೀಮ್ ಕೀಗೆ ನಿಷೇಧದ ದಿನಗಳೇ ಇಲ್ಲ ಎಂದಿತ್ತು. ಆದರೆ ಮುಂಗಡ ಕಾಯ್ದಿರಿಸದೆ ಒಳಗೆ ಬಿಡುವಂತಿಲ್ಲ, ಕಾಯ್ದಿರಿಸಹೋದರೆ ಬೇಕಾದ ದಿನ ಜಾಗ ಇಲ್ಲ. ಕೊಂಡವರೊಬ್ಬರು ಕೋರ್ಟಿಗೆ ಹೋದರು, 2023ರಲ್ಲಿ 95 ಲಕ್ಷ ಡಾಲರಿಗೆ ರಾಜಿಯಾಯಿತು. ಲಕ್ಷಕ್ಕೂ ಮೀರಿದ ಜನರಿಗೆ ಹಂಚಿದಾಗ ತಲೆಗೆ ಬಿದ್ದದ್ದು 67 ಡಾಲರಿನ ಆಸುಪಾಸು. ಇತ್ತ ದುಬೈಯ ಬಾಲಿವುಡ್ ಪಾರ್ಕ್ಸ್ 2023ರಲ್ಲಿ ಶಾಶ್ವತವಾಗಿ ಬಾಗಿಲು ಹಾಕಿತು. ಟಿಕೆಟಿನ ಆಯುಷ್ಯ ಒಂದು ದಿನ, ಆ ಒಂದು ದಿನ ಪಾರ್ಕು ಇದ್ದರೆ ಸಾಕು. ಪಾಸು ಕೊಂಡವನು ಮಾತ್ರ ವರ್ಷವಿಡೀ ಪಾರ್ಕಿನ ಆರೋಗ್ಯಕ್ಕಾಗಿ ದೇವರಲ್ಲಿ ಹರಕೆ ಹೊತ್ತುಕೊಂಡಿರಬೇಕು.

ಪಾಸಿನ ಪರವಾಗಿ ನಿಜಕ್ಕೂ ಗಟ್ಟಿಯಾದ ವಾದ ಒಂದೇ ಇದೆ, ಅದು ದುಡ್ಡಿನದ್ದಲ್ಲ. ಬಿಡಿ ಟಿಕೆಟ್ ತೆಗೆದ ಕನ್ನಡಿಗನಷ್ಟು ಅಪಾಯಕಾರಿ ಮನುಷ್ಯ ಪಾರ್ಕಿನಲ್ಲಿ ಬೇರೊಬ್ಬನಿಲ್ಲ. ಗೇಟು ತೆರೆಯುವ ಮೊದಲೇ ನಿಂತಿರುತ್ತಾನೆ. ಕೊಟ್ಟ ದುಡ್ಡು ಹುಟ್ಟಬೇಕೆಂದು, ಅಳುವ ಮಗುವನ್ನು ಹೆಗಲಿಗೇರಿಸಿ, ಹೆಂಡತಿಯ ಕಾಲುನೋವನ್ನು ಕಿವಿಗೆ ಹಾಕಿಕೊಳ್ಳದೆ, ನಕಾಶೆಯಲ್ಲಿರುವ ಒಂದೊಂದು ಆಟಕ್ಕೂ ಗೀಟು ಹೊಡೆಯುತ್ತ ರಾತ್ರಿಯವರೆಗೂ ಓಡಿಸುತ್ತಾನೆ. ಪಾಸಿದ್ದರೆ ಎರಡು ಗಂಟೆ ಸುಮ್ಮನೆ ಸುತ್ತಿ, ಮಗು ತೂಕಡಿಸಿದಾಗ ಮನೆಗೆ ಮರಳಬಹುದಲ್ಲ? ಹೌದು, ಮರಳಬಹುದು, ಮನೆ ಪಕ್ಕದಲ್ಲೇ ಇದ್ದರೆ. ಶಾರ್ಜಾದಿಂದಲೋ ದೇರಾದಿಂದಲೋ ಯಾಸ್ ದ್ವೀಪದವರೆಗೆ ಓಡಿಸಿದವನು ಎರಡು ಗಂಟೆಗೆ ಹೊರಬೀಳುವುದಿಲ್ಲ, ಪಾಸಿದ್ದರೂ ಗೀಟು ಹೊಡೆದೇ ಹೊಡೆಯುತ್ತಾನೆ. ಅಷ್ಟಕ್ಕೂ ಟಿಕೆಟಿನ ಈ ಕಾಟ ಒಂದು ದಿನದ್ದು. ಪಾಸಿನದ್ದು ಹಾಗಲ್ಲ, ಪ್ರತಿ ಶುಕ್ರವಾರ ರಾತ್ರಿ 'ನಾಳೆ ಹೋಗದಿದ್ದರೆ ನಷ್ಟ' ಎಂಬ ಮಾತು ಊಟದ ತಟ್ಟೆಯ ಪಕ್ಕ ಬಂದು ಕೂರುತ್ತದೆ. ಸುಮ್ಮನೆ ಮನೆಯಲ್ಲಿದ್ದು ಬಂಗುಡೆ ಪುಳಿಮುಂಚಿ ಉಂಡು ಮಲಗುವ ಶನಿವಾರಕ್ಕೂ ಒಂದು ಬೆಲೆ ಇದೆ, ಆ ಬೆಲೆಯನ್ನು ಪಾಸಿನ ಲೆಕ್ಕದಲ್ಲಿ ಯಾರೂ ಬರೆದಿಲ್ಲ.

ಇನ್ನು ನೆಂಟರ ವಿಷಯ. ಡಿಸೆಂಬರಿನಲ್ಲಿ ಅಜ್ಜ-ಅಜ್ಜಿ ವಿಸಿಟ್ ವೀಸಾದಲ್ಲಿ ಬರುತ್ತಾರೆ, ಭಾವ ಬರುತ್ತಾನೆ, ಭಾವನ ಆಫೀಸಿನವನೊಬ್ಬ ದಾರಿಯಲ್ಲಿ ಇಳಿದು ಹೋಗುತ್ತಾನೆ. ಥೀಮ್ ಪಾರ್ಕಿಗೆ ನಮ್ಮವರು ಹೆಚ್ಚಾಗಿ ಹೋಗುವುದು ಇವರಿಗೆ ತೋರಿಸಲಿಕ್ಕೇ. ಪಾಸಿನ ಮೇಲೆ ಮಾತ್ರ ನಮ್ಮ ಹೆಸರು, ನಮ್ಮ ಫೋಟೋ. ನೆಂಟರಿಗೆ ಟಿಕೆಟ್ ತೆಗೆಯಲೇಬೇಕು. ಫೆರಾರಿ ವರ್ಲ್ಡಿನ ಫಾರ್ಮುಲಾ ರೋಸ್ಸಾ ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಅದನ್ನೇರಲು ಮೊಮ್ಮಗುವಿಗೆ ಎತ್ತರ ಸಾಲದು, ಅಜ್ಜಿಗೆ ಬುದ್ಧಿ ಹೆಚ್ಚು. ಹೀಗಾಗಿ ಪೂರ್ತಿ ಬೆಲೆಯ ಟಿಕೆಟ್ ತೆಗೆದು ಒಳಗೆ ಬಂದ ಅಜ್ಜಿ ನಾಲ್ಕು ಜನರ ಚೀಲ, ಮೂರು ಜೊತೆ ಚಪ್ಪಲಿ, ಒಂದು ನೀರಿನ ಬಾಟಲಿಗೆ ಕಾವಲಾಗಿ ಬೆಂಚಿನ ಮೇಲೆ ಕೂರುತ್ತಾಳೆ. ಚೀಲ ಕಾಯುವ ಕೆಲಸಕ್ಕೆ ಸಂಬಳ ಕೊಡುವುದು ಲೋಕದ ರೂಢಿ, ಅದಕ್ಕೆ ದುಡ್ಡು ಕಟ್ಟಿ ಸೇರುವುದು ಇಲ್ಲೊಂದೇ ಕಡೆ.

ಹಾಗೆಂದು ಪಾಸು ಯಾರಿಗೂ ಬೇಡವೆಂದಲ್ಲ. ಪಾರ್ಕಿಗೆ ಹತ್ತೇ ನಿಮಿಷದ ದೂರದಲ್ಲಿ ಮನೆಯಿದ್ದು, ಶಾಲೆಗೆ ಸೇರದ ಮಗುವಿದ್ದು, ಸಂಘದಲ್ಲಿ ಯಾವ ಹುದ್ದೆಯೂ ಇಲ್ಲದವರು ಧೈರ್ಯವಾಗಿ ಮಾಡಿಸಲಿ. ಫ್ಲಾರಿಡಾದವರು ಇನ್ನೊಂದು ಉಪಾಯ ನೋಡಬಹುದು: ಅಲ್ಲಿನ ಡಿಸ್ನಿ ಪಾಸಿನಲ್ಲಿ ವಾಹನ ನಿಲುಗಡೆ ಸೇರಿದೆ, ಖರೀದಿಗೆ ರಿಯಾಯಿತಿಯೂ ಇದೆ, ಮನೆಯಲ್ಲಿ ಒಬ್ಬರು ಪಾಸು ಮಾಡಿಸಿದರೆ ಕಾರಿಗೆಲ್ಲ ಅನ್ವಯ, ಉಳಿದವರು ಟಿಕೆಟಿನಲ್ಲಿ ಹೋಗಬಹುದು. ಬುತ್ತಿ ಒಯ್ಯಲೂ ಅಲ್ಲಿ ಅಡ್ಡಿಯಿಲ್ಲ, ಚಿತ್ರಾನ್ನದ ಡಬ್ಬಿ ಗಾಜಿನದ್ದಾಗಿರಬಾರದು ಅಷ್ಟೆ. ಉಳಿದ ನಮ್ಮವರಿಗೆಲ್ಲ ಹೇಳುವುದಿಷ್ಟು: ಪಾಸು ಬೇಡ, ಹೋಗುವ ದಿನ ಗೊತ್ತುಮಾಡಿಕೊಂಡು ಟಿಕೆಟ್ ತೆಗೆಯಿರಿ, ವರ್ಷಕ್ಕೆ ಎರಡು ಸಲ ಹೋಗಿ, ಮೂರನೆಯದಕ್ಕೆ ಮಕ್ಕಳು ಹಟ ಹಿಡಿದರೆ ಕ್ಯಾಲೆಂಡರನ್ನು ಅವರ ಕೈಗೇ ಕೊಡಿ. ಉಚ್ಚಿಲದ ಅಜ್ಜಿಗೆ ಟಿಕೆಟ್ ತೆಗೆಯುವ ಮೊದಲು ಮಾತ್ರ ಅವಳನ್ನು ಒಮ್ಮೆ ಕೇಳಿ. ದೇರಾದ ವಾಟರ್‌ಫ್ರಂಟ್ ಮಾರ್ಕೆಟಿನ ಮೀನಿನ ಸಾಲಿನಲ್ಲಿ ಅಂಜಲ್‌ನ ಕಿವಿರು ಎತ್ತಿ ನೋಡುತ್ತ, ಬೆಲೆ ಕೇಳಿ ಬೈಯುತ್ತ ಅವಳು ಅರ್ಧ ದಿನ ಸುಖವಾಗಿ ಕಳೆಯಬಲ್ಲಳು. ಅಲ್ಲಿಗೆ ಪಾಸೂ ಬೇಡ, ಟಿಕೆಟೂ ಬೇಡ.