ಕ್ಯಾಮೆರಾ ಮಾವ

ಯಾವುದಾದರೊಂದು ವಿದ್ಯೆಯನ್ನು ತಾವು ಅಭ್ಯಾಸಮಾಡದೆ ಅನ್ಯರಿಗೆ ಬೋಧಿಸುವುದರಲ್ಲಿಯೇ ಜನ್ಮಸಾರ್ಥಕ್ಯವನ್ನು ಕಾಣುವ ಮಹನೀಯರು ಎಲ್ಲ ಊರುಗಳಲ್ಲಿಯೂ ಉಂಟು. ಪಶ್ಚಿಮಘಟ್ಟದ ಬುಡದಲ್ಲಿ ಏಲಕ್ಕಿಯ ವ್ಯಾಪಾರವನ್ನೇ ನೆಚ್ಚಿ ಬಾಳುವ ಬೋಡಿನಾಯಕನೂರಿನಲ್ಲಿ ಅಂಥವರೊಬ್ಬರಿಗೆ ಕ್ಯಾಮೆರಾ ಮಾವನೆಂದು ಹೆಸರು. ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ಈ ಕಡೆ ನೆಲೆನಿಂತ ಒಕ್ಕಲಿಗ ಮನೆತನದವರಾದ ಇವರು ಮನೆಯಲ್ಲಿ ಕನ್ನಡವನ್ನೂ ಮಂಡಿಯಲ್ಲಿ ತಮಿಳನ್ನೂ ಆಡುವರು. ಕ್ಯಾಮೆರಾದ ಪ್ರಸ್ತಾಪ ಬಂದಿತೆಂದರೆ ಎರಡನ್ನೂ ಬಿಟ್ಟು ಬರಿಯ ಅಂಕೆಗಳನ್ನಾಡುವರು.

ಛಾಯಾಗ್ರಹಣದ ಆಸೆ ಹುಟ್ಟಿದ ಹುಡುಗನು ಯಾವನೇ ಆಗಲಿ, ಮೊದಲು ಇವರ ಸನ್ನಿಧಿಗೆ ಬರಬೇಕು. "ಮಾವ, ಮೂವತ್ತು ಸಾವಿರದೊಳಗೆ ಒಂದು ಒಳ್ಳೇ ಕ್ಯಾಮೆರಾ ಹೇಳಿ" ಎಂದರೆ, ಮಾವನವರು ಕರುಣೆಯಿಂದ ನಕ್ಕು, "ಮೂವತ್ತಕ್ಕೆ ಸಿಕ್ಕೋದು ಆಟದ ಸಾಮಾನು ಅಳಿಯಾ! ಫುಲ್ ಫ್ರೇಮ್ ಅಲ್ಲದಿದ್ದರೆ ಮುಟ್ಟಲೇಬೇಡ" ಎನ್ನುವರು. ಅವನು ಹೇಗೋ ಹಣ ಕೂಡಿಸಿಕೊಂಡು ಬರುವಷ್ಟರಲ್ಲಿ, "ತಡಿ, ಹೊಸ ಮಾಡೆಲ್ ಬರ್ತಾ ಇದೆ" ಎಂಬ ಆದೇಶ ಸಿದ್ಧವಾಗಿರುವುದು. 2010ರ ಕೊನೆಯಲ್ಲಿ ನಿಂತುಹೋದ ಬೋಡಿಯ ರೈಲು ಹಳಿ ಅಗಲವಾಗಿ 2023ರ ಜೂನಿನಲ್ಲಿ ಮರಳಿ ಬಂದಿತು; ಮಾವನವರು ತಡೆಯೆಂದ ಮಾಡೆಲ್ ಮಾತ್ರ ಇನ್ನೂ ಬಂದಿಲ್ಲ.

ವಿಚಿತ್ರವೇನೆಂದರೆ, ಹರಾಜಿನ ದಿನ ಇದೇ ಪುರುಷರು ತಟ್ಟೆಯಲ್ಲಿಟ್ಟ ಮಾದರಿಯ ಏಲಕ್ಕಿಯನ್ನು ಬೆಳಕಿಗೆ ಹಿಡಿದು, ಸಿಪ್ಪೆ ಬಿಡಿಸಿ, ಕಾಳನ್ನು ಉಗುರಿನಿಂದ ಜಜ್ಜಿ ಮೂಸಿನೋಡದೆ ಬಾಯಿಬಿಡುವವರಲ್ಲ. 8 ಮಿಲಿಮೀಟರಿನ ಜರಡಿಯಲ್ಲಿ ನಿಂತ ಕಾಯೆಲ್ಲವೂ ಒಳ್ಳೆಯ ಕಾಯಲ್ಲವೆಂದು ಬಲ್ಲ ಈ ವಿವೇಕಿ, ಮೆಗಾಪಿಕ್ಸೆಲ್ಲಿನ ಮುಂದೆ ಮಾತ್ರ ಭಕ್ತಪರವಶರಾಗುವರು. ಇಂಚಿಗೆ 300 ಚುಕ್ಕೆಯಂತೆ 8×12 ಇಂಚಿನ ಪಟವನ್ನು ಅಚ್ಚುಮಾಡಲು ಸುಮಾರು 86 ಲಕ್ಷ ಚುಕ್ಕೆಗಳು ಸಾಕು. 24 ಮೆಗಾಪಿಕ್ಸೆಲ್ಲಿನ ಸಾಧಾರಣ ಕ್ಯಾಮೆರಾ 2 ಕೋಟಿ 40 ಲಕ್ಷವನ್ನು ಕೊಡುತ್ತದೆ. ಹಿಂದಿನವರು ಅಗ್ಫಾ ಕ್ಲಿಕ್ ಎಂಬ ಕ್ಯಾಮೆರಾದಲ್ಲಿ ಒಂದು ರೋಲು ಹಾಕಿದರೆ ದೊರೆಯುತ್ತಿದ್ದುದು 12 ಚಿತ್ರಗಳು; ಆ ಹನ್ನೆರಡಕ್ಕಾಗಿ ಅವರು ಬಿಸಿಲನ್ನು ಕಾದು, ಮನೆಮಂದಿಯನ್ನೆಲ್ಲ ಅಂಗಳಕ್ಕೆ ಕರೆದು, ಒಮ್ಮೆ ಒತ್ತುತ್ತಿದ್ದರು.

ಮಾವನವರಿಗೂ ಒಂದು ಕ್ಯಾಮೆರಾ ಇಲ್ಲದಿಲ್ಲ. ಅದು ಬೀರುವಿನಲ್ಲಿ, ತೇವ ಹೀರುವ ಹರಳಿನ ಪೊಟ್ಟಣಗಳ ನಡುವೆ, ಪಟ್ಟಿಗೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಕಳಚದೆ ವಿರಾಜಮಾನವಾಗಿದೆ. ಪ್ರತಿ ಭಾನುವಾರ ಅವರು ಲೆನ್ಸನ್ನು ಬಿಚ್ಚಿ, ಟಾರ್ಚು ಬಿಟ್ಟು, ಫಂಗಸ್ ಬಂದಿದೆಯೇ ಎಂದು ಪರೀಕ್ಷಿಸಿ, ನಿಟ್ಟುಸಿರುಬಿಟ್ಟು ಮತ್ತೆ ಒಳಗಿಡುವರು. ಆ ಲೆನ್ಸು ಇದುವರೆಗೆ ಹೆಚ್ಚಾಗಿ ನೋಡಿರುವುದು ಟಾರ್ಚನ್ನೇ.

ಕಡೆಗೆ ಒಬ್ಬ ಹುಡುಗನು ಅವರನ್ನು ಕೇಳದೆ ಮಧುರೆಗೆ ಹೋಗಿ, 18–55 ಮಿಲಿಮೀಟರಿನ ಲೆನ್ಸಿನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾವೊಂದನ್ನು ತಂದನು. ಬಾಗಿಲ ಬಿಸಿಲು ಬೀಳುವೆಡೆಯಲ್ಲಿ ಕುಳಿತು ಏಲಕ್ಕಿ ಆರಿಸುವ ಹೆಂಗಸರ ಕೈಗಳನ್ನೂ, ಬೆರಳಸಂದಿನಲ್ಲಿ ಸಿಕ್ಕಿದ ಒಂದು ಹಸುರು ಕಾಯನ್ನೂ ತೆಗೆದ ಚಿತ್ರವನ್ನು ಮಾವನವರ ಮುಂದಿಟ್ಟನು. ಅವರು ಕನ್ನಡಕವನ್ನೇರಿಸಿ ಬಹಳ ಹೊತ್ತು ದಿಟ್ಟಿಸಿ, "ಕಾಯಿ ಒಳ್ಳೇ ಜಾತಿ, ಕ್ಯಾಮೆರಾ ಯಾವುದು?" ಎಂದು ಕೇಳಿದರು. ಹೆಸರು ಕೇಳಿದೊಡನೆ ಚಿತ್ರದಲ್ಲಿ ಹದಿನೇಳು ದೋಷಗಳು ಕಾಣಿಸಿಕೊಂಡವು.

ಆದುದರಿಂದ ಹೊಸಬರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಕೈಯಲ್ಲಿರುವ ಹಣಕ್ಕೆ ಬರುವ, ಕುತ್ತಿಗೆಗೆ ಭಾರವಾಗದ ಕ್ಯಾಮೆರಾವನ್ನು ಕೊಳ್ಳಿ, ಹಣ ಉಳಿದರೆ 50 ಮಿಲಿಮೀಟರಿನ ಲೆನ್ಸೊಂದನ್ನು ಸೇರಿಸಿ, ಒಂದು ವರ್ಷ ಅದರಲ್ಲಿಯೇ ಬೆಳಕನ್ನು ಕಲಿಯಿರಿ. ಮಾವನವರ ಸಲಹೆ ಎರಡನೆಯ ಕ್ಯಾಮೆರಾಕ್ಕಿರಲಿ.